ಮುತ್ಯಾನ ಗಾಳ

ಎಳ್ಳಮಾವಾಸ್ಯೆಯ ಮರುದಿನ ನಸುಕಿನಲ್ಲೇ ಅಪ್ಪ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಅದರೊಳಗೆ ಹನ್ನೊಂದು ಗಾಳಗಳಿದ್ದವು, ಅರ್ಧಕ್ಕರ್ಧ ತುಕ್ಕು ಹಿಡಿದವು. ಹಳೇ ಬನಿಯನ್ ತುಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದನ್ನೇ ತಿಕ್ಕುತ್ತ ಕೂತ. ಅಂಥ ಡಬ್ಬಿಯೊಂದು ನಮ್ಮ ಮನೆಯಲ್ಲಿದೆ ಎಂಬುದೇ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ನಾವು ಕಬ್ಬಲಿಗರು. ಊರು ಭೀಮಾ ದಂಡೆಯದು. ಪಡಸಾಲೆಯ ಗೋಡೆಯ ಮೇಲೆ ಅಂಬಿಗರ ಚೌಡಯ್ಯನ ಫೋಟೊ ಇದೆ, ಜನವರಿ 21ರ ಜಯಂತಿಗೆ ಅದಕ್ಕೆ ಹೂವಿನ ಹಾರ ಬೀಳುತ್ತದೆ. ನಮ್ಮ ಮುತ್ಯಾ ಹರಗೋಲು ಹಾಕುತ್ತಿದ್ದ, ಬಲೆ ಬೀಸುತ್ತಿದ್ದ. ಅಪ್ಪನೂ ಇಪ್ಪತ್ತೆರಡು ವರ್ಷದ ತನಕ ಅದೇ ನೀರಿನಲ್ಲಿದ್ದವನು. 1980ರಲ್ಲಿ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ಆಮೇಲೆ ಬ್ಯಾಸಗಿಯಲ್ಲಿ ನಮ್ಮ ಊರ ಮುಂದೆ ಹೊಳೆ ಹರಿಯುವುದೇ ನಿಂತಿತು, ಮರಳೇ ಉಳಿಯಿತು ಎಂದು ಅಪ್ಪ ಹೇಳುತ್ತಾನೆ. ಆ ಹೊತ್ತಿಗೆ ಕಲಬುರಗಿಯ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು. ನಾನು ಹುಟ್ಟಿದ್ದು, ಓದಿದ್ದು, ಈಗ ಪಾಠ ಹೇಳುವುದು ಎಲ್ಲ ಪ್ಯಾಟಿಯಲ್ಲೇ. ಅಪ್ಪನ ಕೈಯಲ್ಲಿ ಸ್ಪ್ಯಾನರ್ ನೋಡಿದ್ದೇನೆಯೇ ಹೊರತು ಗಾಳ ನೋಡಿರಲಿಲ್ಲ.

ಚಂದ್ರಂಪಳ್ಳಿ ಕೆರೆಗೆ ನಡೆದು ಹೋಗೋಣ ಎಂದದ್ದು ನನ್ನ ಮಗಳು. ಆರನೇ ಇಯತ್ತೆಯವಳು. ಕೆರೆ ಎನ್ನುತ್ತೇವೆ, ಅದು ಚಿಂಚೋಳಿ ಕಾಡಿನ ನಡುವೆ ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಸಣ್ಣ ಡ್ಯಾಮು. ನನ್ನ ಯಜಮಾನರ ಜೋಡಿ ಕೆಲಸ ಮಾಡುವವರೊಬ್ಬರ ಹೊಲ ಕಾಡಿನ ಅಂಚಿನಲ್ಲಿತ್ತು. ಅಲ್ಲಿನ ಜೋಪಡಿಯಲ್ಲಿ ಒಂದು ರಾತ್ರಿ ಇರುವುದು, ಅಲ್ಲಿಂದ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವುದು ಎಂದು ಠರಾಯಿಸಿದೆವು. ಕಾಡಿನೊಳಗೆ ಹೋಗಲು ಅನುಮತಿ ಮೊದಲೇ ತಗೊಂಡಿದ್ದೆವು. ಅಪ್ಪನನ್ನು ಕರೆದದ್ದು ಮಕ್ಕಳು. "ಮುತ್ಯಾ, ನೀನೂ ಬಾ" ಅಂದದ್ದಷ್ಟೇ. ಅವನು ಡಬ್ಬಿ ಇಳಿಸಿದ.

ಬಸ್ಸಿನ ಕಿಟಕಿಯ ಹೊರಗೆ ಒಂದೂವರೆ ತಾಸು ಬರೀ ಕರಿ ಎರಿ ಭೂಮಿ, ಅದರ ತುಂಬ ಒಣಗಿ ನಿಂತ ತೊಗರಿ. ಚಿಂಚೋಳಿ ಹತ್ತಿರಾದಂತೆ ಮಣ್ಣಿನ ಬಣ್ಣ ಬದಲಾಯಿತು. ಕೆಂಪು ಮುರಮು, ಗುಡ್ಡ, ಗಿಡ. ನಮ್ಮ ಜಿಲ್ಲೆಯಲ್ಲಿ ಇಂಥ ಕಾಡಿದೆ ಎಂದರೆ ಬೆಂಗಳೂರಿನವರು ಬಿಡಿ, ಕಲಬುರಗಿಯವರೇ ನಂಬುವುದಿಲ್ಲ. ಸುಮಾರು 134 ಚದರ ಕಿಲೋಮೀಟರ್ ಕಾಡು, 2011ರಲ್ಲಿ ವನ್ಯಜೀವಿ ಧಾಮವಾಯಿತು. ಸಾಗವಾನಿ, ಶ್ರೀಗಂಧ, ರಕ್ತಚಂದನ ಇವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ ಇವೆ. ಬಿಸಿಲ ನಾಡು ಎಂಬ ಹೆಸರು ಹೊತ್ತ ನಮಗೆ ಇದು ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಹೇಳಿ ನನಗೆ ದಣಿವಾಗಿಲ್ಲ.

ಹೊಲದಿಂದ ಹೊರಟು ಎರಡು ತಾಸು ನಡೆದೆವು. ಮಗ ನಡುದಾರಿಯಲ್ಲೇ ಚೀಲ ಅವರಪ್ಪನ ಹೆಗಲಿಗೆ ದಾಟಿಸಿದ. ಚೀಲದಲ್ಲಿ ಹಿಂದಿನ ದಿನದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಭಜ್ಜಿ, ಎಲ್ಲಕ್ಕಿಂತ ಭಾರದ ನೀರು. ಕಾಡಿನೊಳಗೆ ಸಾಗವಾನಿ ಎಲೆಗಳು ಕಾಲಡಿ ಹಪ್ಪಳದಂತೆ ಮುರಿಯುತ್ತಿದ್ದವು. ಒಂದು ತಿರುವಿನಲ್ಲಿ ಕಾಡಿನ ಕಾವಲುಗಾರ ಎದುರಾದ. ಕಾಗದ ನೋಡಿದ. ಆಮೇಲೆ ಅಪ್ಪನ ಕೈಯಲ್ಲಿದ್ದ ಬಿದಿರು ಕೋಲು ನೋಡಿದ.

"ಕಾಕಾ, ಗಾಳ ಹಾಕಂಗಿಲ್ಲ ಇಲ್ಲಿ. ಇದು ಧಾಮ ಅದ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದ, "ಖರೆ ಅದ ತಮ್ಮಾ. ನೀ ಹೇಳಿದ್ದು ಛಲೋ ಆತು." ಕೋಲನ್ನೂ ಡಬ್ಬಿಯನ್ನೂ ಅವನ ಕೈಗೇ ಕೊಟ್ಟು, ಬರುವಾಗ ತಗೊಳ್ಳುತ್ತೇನೆ ಎಂದು ಮುಂದೆ ನಡೆದ. ನನಗೆ ನಾಚಿಕೆಯಾಯಿತು. ಅನುಮತಿ ಕೇಳುವಾಗ ಮೀನಿನ ವಿಷಯ ನಾನೇ ವಿಚಾರಿಸಬೇಕಿತ್ತು. ಅಷ್ಟೊಂದು ಹುರುಪಿನಿಂದ ಗಾಳ ತಿಕ್ಕಿದ ಮನುಷ್ಯ.

ಆದರೆ ಆ ಮಧ್ಯಾಹ್ನ ನಾನು ನೋಡಿದ ಅಪ್ಪನನ್ನು ಗಾಳ ಇದ್ದಿದ್ದರೆ ನೋಡುತ್ತಿರಲಿಲ್ಲವೇನೋ. ನೀರಿನಂಚಿಗೆ ಒಂದು ಬಂಡೆಯ ಮೇಲೆ ಮಕ್ಕಳನ್ನು ಎಡಬಲಕ್ಕೆ ಕೂಡಿಸಿಕೊಂಡ. ಎದುರಿಗೆ ಗುಡ್ಡ, ಗುಡ್ಡದ ನೆರಳು ಬಿದ್ದ ಹಸಿರು ನೀರು. ನಮ್ಮ ಮಾತು ಬಿಟ್ಟರೆ ಸದ್ದಿಲ್ಲ.

"ಅಲ್ಲಿ ನೋಡವಾ, ಸಣ್ಣ ಸಣ್ಣ ಗುಳ್ಳಿ ಸಾಲಾಗಿ ಏಳ್ಯಾವು. ತಳದಾಗ ರಾಡಿ ಕೆದರಲಾಕತ್ತದ. ಅದು ಮೃಗಾಲ ಇದ್ದೀತು." ಇನ್ನೊಂದು ಕಡೆ ನೀರಿನ ಮೇಲೆ ದೊಡ್ಡ ಉಂಗುರ ಎದ್ದಿತು. "ಅದು ಕಟ್ಲಾ. ಅದರ ಬಾಯಿ ಮ್ಯಾಲ ತಿರುಗಿರ್ತದ, ಅದಕ್ಕ ಮ್ಯಾಲಿನದೇ ತಿಂತದ. ರೋಹು ನಡು ನೀರಿನದು. ಒಂದೇ ಮನಿ, ಮೂರು ಮಾಳಿಗಿ. ಯಾರೂ ಯಾರ ತುತ್ತಿಗೂ ಬಾಯಿ ಹಾಕಂಗಿಲ್ಲ."

ಕಟ್ಲಾ, ರೋಹು, ಮೃಗಾಲ ಮೂರನ್ನೂ ಒಂದೇ ಕೆರೆಗೆ ಬಿಡುವುದು ಯಾಕೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮಾಳಿಗಿಯ ಲೆಕ್ಕದಲ್ಲಿ ಯಾರೂ ಹೇಳಿರಲಿಲ್ಲ. ಕಪ್ಪು ಬಿಳಿಯ ಮಿಂಚುಳ್ಳಿಯೊಂದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ನೀರಿಗೆ ಬಿತ್ತು. ಬರಿಗೊಕ್ಕಿನಲ್ಲೇ ಎದ್ದಿತು. "ಅದಕ್ಕೂ ದಿನಾ ಸಿಗಂಗಿಲ್ಲ" ಅಂದ ಅಪ್ಪ. ಸಂಜೆಯ ತನಕ ಅವನು ಆ ಬಂಡೆ ಬಿಟ್ಟು ಏಳಲಿಲ್ಲ. ನಾವೇ ಎಬ್ಬಿಸಿದೆವು, ಕತ್ತಲಾಗುವ ಮೊದಲು ಹೊಲ ಸೇರಬೇಕಿತ್ತು.

ಜೋಪಡಿಯಲ್ಲಿ ಆ ರಾತ್ರಿ ಚಳಿ ಹಲ್ಲು ಕಟಕಟಿಸುವಂತಿತ್ತು. ಹೊಲದವರು ಸುದ್ದಿ ಕೇಳಿ, ತಮ್ಮೂರ ಕೆರೆ ಧಾಮದಿಂದ ಹೊರಗಿದೆ, ಗುತ್ತಿಗೆ ಹಿಡಿದ ಮೀನುಗಾರರ ಸಂಘದವರನ್ನು ಕೇಳೋಣ ಎಂದರು. ಬೆಳಿಗ್ಗೆ ಆ ಸಂಘದ ಹಿರಿಯರು ಅಪ್ಪನ ಊರು, ಮನೆತನ ವಿಚಾರಿಸಿ, "ನಮ್ಮವರೇ ಹೌದ್ರಿ, ಒಂದೆರಡು ಗಾಳ ಹಾಕ್ಕೊಳ್ರಿ, ಅದಕ್ಕೇನು" ಎಂದರು. ಅಪ್ಪ ಒತ್ತಾಯ ಮಾಡಿ ಇನ್ನೂರು ರೂಪಾಯಿ ಅವರ ಕೈಗೆ ಹಾಕಿದ.

ಗಾಳ ಕಟ್ಟುವುದನ್ನು ನೋಡಬೇಕು. ಪ್ಲಾಸ್ಟಿಕ್ ದಾರ ಗಾಳದ ಕಣ್ಣಿನೊಳಗೆ ತೂರಿಸಿ, ಅದನ್ನೇ ಐದು ಸುತ್ತು ಹುರಿ ಹಾಕಿ, ತುದಿಯನ್ನು ಕಣ್ಣಿನ ಹತ್ತಿರದ ಕುಣಿಕೆಗೆ ತಂದು, ಬಿಗಿಯುವ ಮೊದಲು ಬಾಯಿಯಲ್ಲಿಟ್ಟು ತೇವ ಮಾಡಿದ. ಒಣ ದಾರ ಬಿಗಿದರೆ ಉಜ್ಜಿ ಕಾದು ಅಲ್ಲೇ ಸೊರಗುತ್ತದಂತೆ, ದೊಡ್ಡ ಮೀನು ಎಳೆದಾಗ ಅಲ್ಲೇ ಹರಿಯುತ್ತದಂತೆ. ಹೊಲದಲ್ಲಿ ಬಿದ್ದ ಜೋಳದ ದಂಟು ಸುಲಿದು ಒಳಗಿನ ಬೆಂಡು ತೆಗೆದು ದಾರಕ್ಕೆ ಸಿಕ್ಕಿಸಿದ. ನಲವತ್ತು ವರ್ಷ ಮುಟ್ಟದ ಕೆಲಸ. ಬೆರಳು ಒಂದು ಸಲವೂ ತಡೆಯಲಿಲ್ಲ. ಮಗಳು ಮೂರು ಸಲ ತಪ್ಪಿ ನಾಲ್ಕನೆಯದು ಸರಿಯಾಗಿ ಕಟ್ಟಿದಳು. ಅಪ್ಪ ತನ್ನದನ್ನು ಬದಿಗಿಟ್ಟು ಅವಳು ಕಟ್ಟಿದ ಗಾಳವನ್ನೇ ನೀರಿಗೆ ಹಾಕಿದ.

ಮೊದಲು ಬಿದ್ದದ್ದು ಗೇಣುದ್ದದ ರೋಹು. ಮಕ್ಕಳ ಕೂಗಿಗೆ ಏರಿ ಮೇಲಿನ ಕೊಕ್ಕರೆಗಳು ಎದ್ದು ಹೋದವು. ಅಪ್ಪ ಕೈ ತೇವ ಮಾಡಿಕೊಂಡು ಅದರ ಬಾಯಿಂದ ಗಾಳ ಬಿಡಿಸಿ, ಒಂದು ಗಳಿಗೆ ಎರಡೂ ಅಂಗೈಯಲ್ಲಿ ಹಿಡಿದು, ಸುಮ್ಮನೆ ನೀರಿಗೆ ಬಿಟ್ಟುಬಿಟ್ಟ.

"ಮುತ್ಯಾ! ಯಾಕ ಬಿಟ್ಟಿ?" ಮಗನಿಗೆ ಅಳುವೇ ಬಂದಿತ್ತು. ಅಪ್ಪ ಉತ್ತರ ಕೊಡಲಿಲ್ಲ. ಸಣ್ಣದಿತ್ತೆಂದು ಬಿಟ್ಟಿರಬೇಕು ಎಂದುಕೊಂಡೆ. ಮುಂದೆ ಅದಕ್ಕಿಂತ ಸಣ್ಣ ಜಿಲೇಬಿ ಮೀನು ಆರು ಬಿದ್ದವು, ಅವನ್ನು ಬುಟ್ಟಿಗೆ ಹಾಕಿದ.

ಆಮೇಲೆ ಬಂದದ್ದು ಚೇಳುಮೀನು. ಕರ್ರಗೆ, ಮೀಸೆ ಬಿಟ್ಟುಕೊಂಡು ಮಣ್ಣಿನಲ್ಲಿ ಹೊರಳುತ್ತಿತ್ತು. ಅಪ್ಪ ಕೂಗುವುದರೊಳಗೆ ಮಗ ಅದನ್ನು ಹಿಡಿಯಲು ಹೋದ. ಕಿವಿರಿನ ಹಿಂದಿನ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಅವನು ಚೀರಿದ ರೀತಿ ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಆ ಮುಳ್ಳಿನಲ್ಲಿ ವಿಷ ಇರುತ್ತದೆ. ಅಪ್ಪ ಗಾಬರಿಯಾಗಲಿಲ್ಲ. ಮುಳ್ಳು ಮುರಿದು ಒಳಗೆ ಉಳಿದಿಲ್ಲ ಎಂದು ನೋಡಿದ. ಮೂರು ಕಲ್ಲಿನ ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದ ನೀರಿಗೆ ತಣ್ಣೀರು ಬೆರೆಸಿ, ಮೊದಲು ತನ್ನ ಕೈ ಅದ್ದಿ ತಾಳುವಷ್ಟೇ ಬಿಸಿ ಎಂದು ಖಾತ್ರಿ ಮಾಡಿಕೊಂಡು, ಮಗನ ಕೈ ಅದರೊಳಗೆ ಇಡಿಸಿದ. ಬಿಸಿಗೆ ಆ ವಿಷದ ಜೋರು ಮುರಿಯುತ್ತದೆ. ನೀರು ಆರಿದಂತೆಲ್ಲ ಬಿಸಿ ಬೆರೆಸುತ್ತ ಮುಕ್ಕಾಲು ತಾಸು ಕೂತ. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಚಿಂಚೋಳಿಯಲ್ಲಿ ಡಾಕ್ಟರಿಗೆ ತೋರಿಸಿ ಟಿ.ಟಿ. ಇಂಜೆಕ್ಷನ್ ಮಾಡಿಸಿದೆವು. ಬಾವು ಮರುದಿನ ಇಳಿಯಿತು.

ಹೊರಟು ಬರುವಾಗ ಬಸ್ಸಿನಲ್ಲಿ ಮಗ ಅಪ್ಪನ ತೊಡೆಯ ಮೇಲೆ ಮಲಗಿದ್ದ. ಅಪ್ಪ ನನ್ನ ಫೋನು ಇಸಿದುಕೊಂಡು ಊರಲ್ಲಿರುವ ಅಕ್ಕನಿಗೆ ಹಚ್ಚಿಸಿದ. ಎಂಬತ್ತರ ಹತ್ತಿರದವಳು, ಕಿವಿ ಮಂದ. ಅದಕ್ಕೇ ಸ್ಪೀಕರ್ ಹಾಕಿ ಕೂಗಿ ಹೇಳಬೇಕು.

"ಯಕ್ಕಾ, ಗಾಳ ಹಾಕಿದ್ದೆ ಇವತ್ತು. ಮೀನ ಬಿದ್ದಾವ."

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಎಷ್ಟು ಬಿದ್ದವು, ಎಲ್ಲಿ ಹಾಕಿದಿ, ಯಾರು ಇದ್ದರು, ಒಂದನ್ನೂ ಅವಳು ಕೇಳಲಿಲ್ಲ.

"ಮೊದಲಿಂದು ಗಂಗವ್ವಗ ಬಿಟ್ಟೆಲ್ಲೋ ತಮ್ಮಾ?"

"ಬಿಟ್ಟೀನಿ ಯಕ್ಕಾ."