ತೊಗರಿ ರೊಕ್ಕ, ಪೋಲೆಂಡಿನ ಬರ್ಫ

ಎಳ್ಳಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬೇವಿನ ಗಿಡದ ಬುಡಕ್ಕೆ ಕೂತಿದ್ದೆವು. ಅಣ್ಣ ಮಾತು ತೆಗೆದ: "ತಮ್ಮಾ, ಈ ಸಲ ತೊಗರಿ ಚಲೋ ಬಂದದ. ಬರ್ಫ ಬೀಳೋ ದೇಶ ನೋಡಿ ಬರಮು."

ಅವನ ಮನಸ್ಸಿನಲ್ಲಿದ್ದದ್ದು ಪೋಲೆಂಡ್. ಕೊಲ್ಲಾಪುರದ ಹತ್ತಿರದ ವಳಿವಡೆಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ, 1943ರಿಂದ, ಸಾವಿರಾರು ಪೋಲಿಷ್ ನಿರಾಶ್ರಿತರು ಇದ್ದರು. ಮಹಾಲಕ್ಷ್ಮಿ ದರ್ಶನಕ್ಕೆ ಹೋದಾಗ ಆ ಸಂಗತಿ ಕೇಳಿ ಬಂದವನು ಆ ದೇಶವನ್ನು ಮರೆತೇ ಇಲ್ಲ. ಖರ್ಚಿನ ದೃಷ್ಟಿಯಿಂದಲೂ ಅದು ಒಳ್ಳೆಯ ಆಯ್ಕೆ. ಅಲ್ಲಿ ಯೂರೋ ಅಲ್ಲ, ಜ್ಲೋಟಿ ನಡೆಯುತ್ತದೆ. ಊಟ, ವಸತಿ ಪ್ಯಾರಿಸ್, ಜ್ಯೂರಿಕ್‌ಗಿಂತ ಬಹಳ ಅಗ್ಗ.

ಯಾವಾಗ ಹೋಗುವುದು ಎಂಬುದಕ್ಕೇ ಮಧ್ಯಾಹ್ನ ಕಳೆಯಿತು. ಕ್ರಿಸ್‌ಮಸ್, ಹೊಸ ವರ್ಷಕ್ಕೆ ದರ ಏರಿರುತ್ತದೆ, ನಮಗೂ ಅದು ರಾಶಿಯ ಕಾಲ. ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿನ ಶಾಲೆಗಳಿಗೆ ಪ್ರಾಂತಕ್ಕೊಂದು ಸರದಿಯಂತೆ ಎರಡು ವಾರ ಚಳಿಗಾಲದ ರಜೆ. ಗುಡ್ಡದ ಊರಾದ ಜಾಕೊಪಾನೆಯಲ್ಲಿ ಕೋಣೆ ಸಿಗುವುದೇ ಕಷ್ಟ. ಮಾರ್ಚ್ ಮೊದಲ ವಾರ ಆ ಗದ್ದಲ ಇರುವುದಿಲ್ಲ. ಊರೊಳಗೆ ಹಿಮ ಕರಗಿದ್ದರೂ 1987 ಮೀಟರ್ ಎತ್ತರದ ಕಾಸ್ಪ್ರೋವಿ ಶಿಖರದ ಮೇಲೆ ಇದ್ದೇ ಇರುತ್ತದೆ. 1936ರಿಂದ ಅಲ್ಲಿಗೆ ಕೇಬಲ್ ಕಾರ್ ಇದೆ. ಗಾಳಿ ಜೋರಾದರೆ ಅದನ್ನು ನಿಲ್ಲಿಸುತ್ತಾರೆ, ಅದಕ್ಕೇ ಒಂದು ದಿನ ಹೆಚ್ಚಿಗೆ ಇಟ್ಟೆವು. ವೈನಿಯದು ಒಂದೇ ಷರತ್ತು: "ಶರಣಬಸಪ್ಪನ ಜಾತ್ರಿಗಿ ನಾವು ಊರಾಗ ಇರಬೇಕು ನೋಡ್ರಿ." ಹೋಳಿ ಈ ಸಲ ಮಾರ್ಚ್ ಮೂರನೇ ವಾರ ದಾಟಿ ಬರುತ್ತದೆ, ಕಲಬುರಗಿಯ ಆ ಜಾತ್ರೆ ಅದಾದ ಮೇಲೆ. ಹೊಂದಿತು.

ವಾಸ್ತವ್ಯ ಕ್ರಾಕೋವ್ ಎಂಬ ಹಳೆಯ ರಾಜಧಾನಿಯಲ್ಲಿ. ಜಾಕೊಪಾನೆಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಬೇರೆ ದೇಶಗಳಿಗೆ ಓಡಾಡುವುದು ಬೇಡ ಅಂದೆ, ಊರು ಬದಲಿಸಿದಷ್ಟೂ ರೊಕ್ಕ ಕರಗುತ್ತದೆ. ವಿಯೆಲಿಚ್ಕಾದ ಉಪ್ಪಿನ ಗಣಿ ನೋಡುವ ಆಸೆ ನನಗಿತ್ತು, ಆದರೆ ಶುರುವಿಗೇ 380 ಮೆಟ್ಟಿಲು ಇಳಿಯಬೇಕು. ವೈನಿಯ ಮೊಣಕಾಲು ತಡೆಯುವುದಿಲ್ಲ, ಬಿಟ್ಟೆವು. ಊಟಕ್ಕೆ ಅಲ್ಲಿ 'ಬಾರ್ ಮ್ಲೆಚ್ನಿ' ಅನ್ನುವ, ನಮ್ಮ ಖಾನಾವಳಿಯಂಥ ಅಗ್ಗದ ಜಾಗಗಳಿವೆ. ಆಲೂಗಡ್ಡೆ, ಗಿಣ್ಣು ತುಂಬಿದ ಕಡುಬು ಸಿಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದು. ತುಪ್ಪ, ಪೇಡಾ ಮಾತ್ರ ಒಯ್ಯುವಂತಿಲ್ಲ, ಹೊರಗಿನವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ನಿಜವಾದ ಚಿಂತೆ ವೀಸಾದ್ದು. ದೊಡ್ಡವರಿಗೆ ತಲೆಗೆ 90 ಯೂರೋ ಶುಲ್ಕ, ತಿರಸ್ಕಾರವಾದರೆ ಹಿಂದಿರುಗಿಸುವುದಿಲ್ಲ. 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಅರ್ಜಿ ಕನಿಷ್ಠ 15 ದಿನ ಮುಂಚೆ ಕೊಡಬೇಕು, ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ಇದೆಲ್ಲ ಆಗುವ ಕೆಲಸ. ಬ್ಯಾಂಕ್ ಪಾಸ್‌ಬುಕ್ಕೇ ತೊಡಕು. ನನ್ನಂಥ ಮಾಸ್ತರನಿಗೆ ತಿಂಗಳಿಗೊಮ್ಮೆ ಪಗಾರ ಬೀಳುತ್ತದೆ. ಅಣ್ಣನ ಖಾತೆಯಲ್ಲಿ ವರ್ಷವಿಡೀ ಏನೂ ಇರದೆ, ರಾಶಿ ಮಾರಿದ ಮೇಲೆ ಒಮ್ಮೆಲೇ ಲಕ್ಷಗಳು ಬರುತ್ತವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ಕೂಡ ಇಲ್ಲ. ವೀಸಾ ಅಧಿಕಾರಿಗೆ ಅದು ಯಾರದೋ ರೊಕ್ಕ ತಂದು ತೋರಿಸಿದಂತೆ ಕಾಣಬಹುದು. ಒಬ್ಬ ಏಜೆಂಟನಂತೂ ಬೇರೆಯವರ ಕಡೆ ಇಸಿದುಕೊಂಡು ಈಗಲೇ ಖಾತೆ ತುಂಬಿಸಿರಿ ಅಂದಿದ್ದ.

"ನಾ ಬೆಳದ ರೊಕ್ಕಕ್ಕ ನಾ ಸಾಕ್ಷಿ ಕೊಡಬೇಕೇನು?" ಅಂದ ಅಣ್ಣ. ಅವನ ಸಂಕಟ ನನಗೂ ತಟ್ಟಿತು. "ಕೊಡಮು ಅಣ್ಣಾ, ಆದ್ರ ಖರೇದೇ ಕೊಡಮು," ಅಂದೆ. ರೈತನ ಗಳಿಕೆ ಹೀಗೇ ಬರುತ್ತದೆ ಎಂದು ಪತ್ರದಲ್ಲಿ ನೇರವಾಗಿ ಬರೆಯುವುದು, ಹಿಂದಿನ ವರ್ಷಗಳಲ್ಲೂ ಇದೇ ಹೊತ್ತಿಗೆ ಹೀಗೇ ಜಮಾ ಆಗಿದ್ದನ್ನು ತೋರಿಸುವುದು, ಮಾಲು ಮಾರಿದಾಗ ದಲ್ಲಾಳಿ ಕೊಟ್ಟ ಅಡತಿ ಪಟ್ಟಿ, ಪಹಣಿಗಳನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿ ಲಗತ್ತಿಸುವುದು. ಹೊಲ ಬಿಟ್ಟು ಅಲ್ಲೇ ಉಳಿಯುವವನಲ್ಲ ಅನ್ನುವುದಕ್ಕೆ ಪಹಣಿಗಿಂತ ದೊಡ್ಡ ಪುರಾವೆ ಯಾವುದಿದೆ? ಟಿಕೆಟ್ ಈಗ ಕಾಯ್ದಿರಿಸಿದರೆ ಸಾಕು, ಪೂರ್ತಿ ಹಣ ವೀಸಾ ಬಂದ ಮೇಲೆ.

ನಾಳೆ ಅಣ್ಣ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೋಗಿ ಹಳೆಯ ಪಟ್ಟಿಗಳ ನಕಲು ಕೇಳುತ್ತಾನೆ. ಪಹಣಿ ತೆಗೆಸುವುದು, ಪತ್ರ ಬರೆಯುವುದು ನನ್ನ ಪಾಲಿಗೆ ಬಂದಿದೆ.