ಬ್ಲೋರೆಂಜ್ ಬೆಟ್ಟದ ಮೇಲಿನ ಕುದುರೆ ಸಮಾಧಿ

ವೇಲ್ಸ್‌ನ ಕಾರ್ಡಿಫ್‌ನಲ್ಲಿ ತಂಗಿ ಮನೇಲಿ ಹತ್ತು ದಿನ ಇದ್ದೆ, ಕೋಟೆ, ಮ್ಯೂಸಿಯಂ, ಸಮುದ್ರದ ದಂಡೆ ಎಲ್ಲಾ ನೋಡಿ ಆಗಿತ್ತು, ನಂಗೆ ಒಂದೇ ಜಾಗ ಬಾಕಿ ಉಳಿದಿತ್ತು. "ಅಣ್ಣಾ, ಒಂದು ಕುದುರೆ ಸಮಾಧಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದ್ಲು ತಂಗಿ. ಆದ್ರೂ ಶನಿವಾರ ಬೆಳಿಗ್ಗೆ ಅವಳೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದ್ಲು, ಅವಳ ಎಂಟು ವರ್ಷದ ಮಗನ್ನೂ ಕರ್ಕೊಂಡು ಹೊರಟ್ವಿ.

ದಾರೀಲಿ ಬ್ಲೈನಾವನ್ ಸಿಗುತ್ತೆ, ಹಳೇ ಕಲ್ಲಿದ್ದಲು, ಕಬ್ಬಿಣದ ಊರು, ಈಗ ವಿಶ್ವ ಪರಂಪರೆ ತಾಣ. ಅಲ್ಲಿ ಬಿಗ್ ಪಿಟ್ ಅನ್ನೋ ಗಣಿ 1980ರಲ್ಲಿ ಮುಚ್ಚಿ 1983ರಲ್ಲಿ ಮ್ಯೂಸಿಯಂ ಆಯ್ತು. ಮೇಲೇನೇ ಫೋನು, ವಾಚು, ಬ್ಯಾಟರಿ ಇರೋದೆಲ್ಲಾ ತೆಗೆದಿಟ್ಟುಕೊಳ್ತಾರೆ, ಒಂದು ಕಿಡಿ ಹಾರಿದ್ರೂ ಅಪಾಯ ಅಂತ. ತಲೆಗೆ ಹೆಲ್ಮೆಟ್ಟು, ದೀಪ ಕೊಟ್ಟು ಲಿಫ್ಟಲ್ಲಿ 90 ಮೀಟರ್ ಕೆಳಗೆ ಇಳಿಸ್ತಾರೆ, ತೋರಿಸೋರು ಗಣೀಲಿ ಕೆಲಸ ಮಾಡಿದವ್ರೇ. ಕೆಳಗೆ ಕುದುರೆ ಲಾಯ ಇದೆ. ಹೌದು, ನೆಲದೊಳಗೆ. ಬಂಡಿ ಎಳೆಯೋಕೆ ಕುದುರೆಗಳನ್ನ ಅಲ್ಲೇ ಕಟ್ತಿದ್ರು, ಒಂದೊಂದು ಗೂಡಿನ ಮೇಲೂ ಕುದುರೆ ಹೆಸರಿನ ಫಲಕ ಇದೆ. ಅಲ್ಲಿ ಎಲ್ರೂ ದೀಪ ಆರಿಸಿದಾಗ ಆದ ಕತ್ತಲೆ ಇದ್ಯಲ್ಲ, ನಮ್ಮೂರಲ್ಲಿ ಅಮಾವಾಸ್ಯೆ ದಿನ ಕರೆಂಟ್ ಹೋದ್ರೂ ಅಷ್ಟು ಕತ್ತಲೆ ಆಗಲ್ಲ. ಹುಡುಗ ನನ್ನ ಕೈ ಬಿಗಿಯಾಗಿ ಹಿಡ್ಕೊಂಡ.

ಅಲ್ಲಿಂದ ಮೇಲೆ ಬಂದು ಬೆಟ್ಟದ ರಸ್ತೆ ಹಿಡಿದ್ವಿ. ಬ್ಲೋರೆಂಜ್ ಎತ್ತರ 561 ಮೀಟರ್ ಅಷ್ಟೇ, ನಮ್ಮ ಮುಳ್ಳಯ್ಯನಗಿರಿ ಮುಂದೆ ಪುಟ್ಟದು, ಆದ್ರೆ ಗಾಳಿ ಮಾತ್ರ ಕಾರಿನ ಬಾಗಿಲು ತೆಗೆಯೋಕೂ ಬಿಡ್ಲಿಲ್ಲ. ಕಾರು ನಿಲ್ಲಿಸೋ ಜಾಗದ ಹೆಸರೇ ಫಾಕ್ಸ್‌ಹಂಟರ್ ಕಾರ್ ಪಾರ್ಕ್. ಫಾಕ್ಸ್‌ಹಂಟರ್ ಅಂದ್ರೆ ನಾವು ಸಮಾಧಿ ನೋಡೋಕೆ ಹೊರಟಿದ್ದ ಆ ಕುದುರೆ, ಕಂಬ, ಬೇಲಿ ಹಾರಿಸೋ ಜಂಪಿಂಗ್ ಆಟದ್ದು.

ಅದರ ಸವಾರ ಲೆಫ್ಟಿನೆಂಟ್ ಕರ್ನಲ್ ಹ್ಯಾರಿ ಲೆವೆಲಿನ್. 1911ರಲ್ಲಿ ಹುಟ್ಟಿದ್ದು, ಅಪ್ಪ ಸೌತ್ ವೇಲ್ಸ್‌ನ ದೊಡ್ಡ ಕಲ್ಲಿದ್ದಲು ಗಣಿ ಮಾಲೀಕ. 1936ರ ಗ್ರ್ಯಾಂಡ್ ನ್ಯಾಷನಲ್ ರೇಸಲ್ಲಿ, ಅಂದ್ರೆ 7 ಕಿಲೋಮೀಟರ್ ದೂರ, 30 ಬೇಲಿ ಹಾರ್ಬೇಕಾದ ರೇಸು, ಈಗೋ ಅನ್ನೋ ಕುದುರೆ ಮೇಲೆ ಎರಡನೇ ಸ್ಥಾನ ಬಂದ. ಆಮೇಲೆ ಯುದ್ಧ. ಬ್ರಿಟಿಷ್ ಜನರಲ್ ಮಾಂಟ್‌ಗೊಮರಿ ಕೈಕೆಳಗೆ ಲಿಯೇಸನ್ ಆಫೀಸರ್ ಆಗಿದ್ದ. ಈ ಆಫೀಸರ್‌ಗಳ ಕೆಲಸ ಅಂದ್ರೆ ಹಗಲು ಜೀಪಲ್ಲಿ ರಣರಂಗಕ್ಕೆ ಹೋಗಿ ಕಣ್ಣಾರೆ ನೋಡಿ, ರಾತ್ರಿ ಬಂದು ಜನರಲ್‌ಗೆ ಇದ್ದದ್ದು ಇದ್ದ ಹಾಗೆ ಹೇಳೋದು. ನಂಗೆ ಅವನ ಬದುಕಲ್ಲಿ ತುಂಬಾ ಹಿಡಿಸಿದ್ದು ಇದು, ಯಾಕಂದ್ರೆ ಕುದುರೆ ಸವಾರನಿಗೂ ಬೇಕಾಗಿರೋದು ಇದೇ ಅಲ್ವಾ, ಮುಂದಿರೋ ನೆಲ ಹೇಗಿದೆ ಅಂತ ಸುಳ್ಳಿಲ್ಲದೆ ನೋಡೋ ಕಣ್ಣು.

ಯುದ್ಧ ಮುಗಿದ ಮೇಲೆ 1947ರಲ್ಲಿ ಫಾಕ್ಸ್‌ಹಂಟರನ್ನ ಕೊಂಡ, ಆಗ ಅದಕ್ಕೆ ಏಳು ವರ್ಷ. ಮುಂದಿನ ವರ್ಷವೇ ಲಂಡನ್ ಒಲಿಂಪಿಕ್ಸಲ್ಲಿ ತಂಡಕ್ಕೆ ಕಂಚು. ಐದನೇ ಜಾರ್ಜ್ ದೊರೆ ಹೆಸರಿನ ಚಿನ್ನದ ಕಪ್ಪನ್ನ 1948, 1950, 1953 ಮೂರು ಸಲ ಇದೇ ಜೋಡಿ ಗೆದ್ದಿತು.

ಆದ್ರೆ ಕಥೆ ಇರೋದು 1952ರ ಹೆಲ್ಸಿಂಕಿಲಿ. ಒಲಿಂಪಿಕ್ಸ್ ಮುಗಿಯೋ ದಿನ ಬಂದಿದೆ, ಬ್ರಿಟನ್‌ಗೆ ಯಾವ ಆಟದಲ್ಲೂ ಒಂದೂ ಚಿನ್ನ ಇಲ್ಲ, ಉಳಿದಿರೋದು ಜಂಪಿಂಗ್ ಮಾತ್ರ. ಬೆಳಿಗ್ಗೆ ಸುತ್ತಲ್ಲಿ ಫಾಕ್ಸ್‌ಹಂಟರ್ ತಪ್ಪಿನ ಮೇಲೆ ತಪ್ಪು ಮಾಡಿ 16.75 ಫಾಲ್ಟ್, ಅಂದ್ರೆ ತಪ್ಪಿನ ಅಂಕ, ತಗೊಂತು, ಒಂದು ಕಂಬ ಬಿದ್ರೆ 4 ಅಂತ ಲೆಕ್ಕ ಹಾಕಿ. ಮೂರೂ ಸವಾರರ ಅಂಕ ಕೂಡಿಸ್ತಾರೆ, ಒಬ್ಬನದ್ದು ಬಿಡೋ ಹಾಗಿಲ್ಲ, ಕಡಿಮೆ ಫಾಲ್ಟ್ ಆದ ತಂಡ ಗೆಲ್ಲುತ್ತೆ. ಜತೆಗಾರರು ವಿಲ್ಫ್ ವೈಟ್, ಡಗ್ಲಸ್ ಸ್ಟೀವರ್ಟ್. ಮಧ್ಯಾಹ್ನದ ಸುತ್ತಲ್ಲಿ ಅದೇ ಕುದುರೆ, ಅದೇ ಸವಾರ, ಒಂದೂ ಕಂಬ ಅಲುಗಾಡದ ಹಾಗೆ ಹಾರಿದ್ರು. ತಂಡದ ಒಟ್ಟು 40.75, ಎರಡನೇ ಸ್ಥಾನದ ಚಿಲಿ 45.75. ಬರೀ ಐದು ಫಾಲ್ಟಿನ ಅಂತರ! ಆ ಒಲಿಂಪಿಕ್ಸಲ್ಲಿ ಬ್ರಿಟನ್‌ಗೆ ಸಿಕ್ಕ ಒಂದೇ ಚಿನ್ನ ಅದು. ಬೆಳಿಗ್ಗೆ ಅಷ್ಟು ಕೆಟ್ಟದಾಗಿ ಆಡಿದ ಪ್ರಾಣಿ ಮೇಲೆ ಮಧ್ಯಾಹ್ನ ಮತ್ತೆ ನಂಬಿಕೆ ಇಟ್ಟು ಕೂರೋದು ಅಂದ್ರೆ ಏನು ಅಂತ ಯೋಚ್ನೆ ಮಾಡ್ತಾನೇ ನಾನು ಆ ಹುಲ್ಲು ದಾರಿ ನಡೆದೆ.

ಸಮಾಧಿ ದೂರ ಏನಿಲ್ಲ, ಕಲ್ಲಿಗೆ ಹಾಕಿರೋ ಒಂದು ಫಲಕ ಅಷ್ಟೇ. 1959ರಲ್ಲಿ ಕುದುರೆ ತೀರ್ಕೊಂಡಾಗ ಅಸ್ಥಿಪಂಜರನ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿಗೆ ಕೊಟ್ಟು, ಚರ್ಮನ ಇಲ್ಲಿ ಹೂಳಿದ್ರು. ಲೆವೆಲಿನ್ ಅದಾದ್ಮೇಲೆ ನಲವತ್ತು ವರ್ಷ ಬದುಕಿದ, ಸರ್ ಪದವಿ ಬಂತು, 1999ರಲ್ಲಿ ಸತ್ತಾಗ ಅವನ ಬೂದಿನೂ ಇದೇ ಬೆಟ್ಟದಲ್ಲಿ ಚೆಲ್ಲಿದ್ರು. ಅದನ್ನ ಹೇಳಿದಾಗ ತಂಗಿ ಸುಮ್ಮನೆ ಫಲಕದ ಮೇಲಿದ್ದ ನೀರನ್ನ ದುಪಟ್ಟಾ ತುದೀಲಿ ಒರೆಸಿದ್ಲು.

ತುದಿವರೆಗೂ ಹೋದ್ವಿ, ಮಂಜು ಸರಿದಾಗ ಕೆಳಗೆ ಅಬರ್ಗವೆನ್ನಿ ಊರು, ಅಸ್ಕ್ ನದಿ, ಆಚೆ ಶುಗರ್ ಲೋಫ್ ಬೆಟ್ಟ ಎಲ್ಲಾ ಒಂದೈದು ನಿಮಿಷ ಕಂಡು ಮತ್ತೆ ಮುಚ್ಚಿಹೋಯ್ತು. ಕಲ್ಲಿನ ಮರೇಲಿ ಕೂತು ಚಿತ್ರಾನ್ನ ತಿಂದ್ವಿ.

ವಾಪಸ್ ಇಳೀತಾ ಹುಡುಗ ಕೇಳ್ದ, "ಮಾಮ, ಗಣಿ ಒಳಗಿದ್ದ ಕುದುರೆಗಳ ಹೆಸರೇನು?" ನಾನು ತಂಗಿ ಮುಖ ನೋಡ್ದೆ, ಅವಳು ನನ್ನ ಮುಖ ನೋಡಿದ್ಲು. ಫೋನ್ ಮೇಲೇ ಬಿಟ್ಟು ಹೋಗಿದ್ವಲ್ಲ, ಫೋಟೋ ಇರ್ಲಿಲ್ಲ. ಕಾರು ಸೇರೋವರೆಗೂ ಮೂರೂ ಜನ ಯೋಚ್ನೆ ಮಾಡಿದ್ವಿ, ಒಂದು ಹೆಸರೂ ನೆನಪಿಗೆ ಬರ್ಲಿಲ್ಲ.