ಅಕ್ವಿನಾಸನ ಒಂದು ಆರ್ಟಿಕಲ್‌ಗೆ ಒಂದು ಬೆಳಗ್ಗೆ

ಹದಿಮೂರನೇ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸನ ದೇವತಾಶಾಸ್ತ್ರದ ಬೃಹತ್ ಗ್ರಂಥ ‘ಸುಮ್ಮಾ ಥಿಯಾಲಜಿಯೆ’ಯನ್ನು ಕಾದಂಬರಿಯಂತೆ ಮೊದಲ ಪುಟದಿಂದ ಓದಹೊರಟರೆ ಬೇಗನೆ ಸುಸ್ತಾಗುತ್ತದೆ. ಅದರಲ್ಲಿ 512 ಪ್ರಶ್ನೆಗಳಿವೆ, ಒಂದೊಂದರೊಳಗೂ ಹಲವು ಆರ್ಟಿಕಲ್‌ಗಳು, ಅಂದರೆ ಒಂದೊಂದು ಉಪಪ್ರಶ್ನೆಯ ಚರ್ಚೆ. ಬೆಳಗಿಗೊಂದು ಆರ್ಟಿಕಲ್ ಓದಿದರೆ ಸಾಕು. ಮೊದಲ ಭಾಗದ 2ನೇ ಪ್ರಶ್ನೆಯ 3ನೇ ಆರ್ಟಿಕಲನ್ನೇ ತೆಗೆದುಕೊಳ್ಳಿ: ದೇವರಿದ್ದಾನೆಯೇ?

ಆರ್ಟಿಕಲ್ ಶುರುವಾಗುವುದೇ ‘ಇಲ್ಲ’ ಎನ್ನುವವರ ಮಾತಿನಿಂದ. ಇಲ್ಲಿ ಆಕ್ಷೇಪಗಳು ಎರಡು: ಲೋಕದಲ್ಲಿ ಕೆಡುಕಿದೆ, ಪ್ರಕೃತಿ ಮತ್ತು ಮನುಷ್ಯನ ಬುದ್ಧಿಯಿಂದಲೇ ಎಲ್ಲವನ್ನೂ ವಿವರಿಸಬಹುದು. ಆಮೇಲೆ ಎದುರು ಪ್ರಮಾಣವಾಗಿ ಬೈಬಲಿನ ‘ವಿಮೋಚನಕಾಂಡ’ದ ಒಂದು ವಾಕ್ಯ, ನಂತರ ಅವನ ಸ್ವಂತ ಉತ್ತರ, ಕೊನೆಗೆ ಆಕ್ಷೇಪಗಳಿಗೆ ಒಂದೊಂದಾಗಿ ಸಮಾಧಾನ. ಮೊದಲು ಎದುರಾಳಿಯ ವಾದ (ಪೂರ್ವಪಕ್ಷ), ಆಮೇಲೆ ತಮ್ಮ ನಿರ್ಣಯ (ಸಿದ್ಧಾಂತ) ಹೇಳುವ ನಮ್ಮ ಶಾಸ್ತ್ರಗ್ರಂಥಗಳನ್ನು ಓದಿ ಅಭ್ಯಾಸವಿದ್ದವರಿಗೆ ಈ ಕ್ರಮ ಹೊಸತಲ್ಲ. ಅಭ್ಯಾಸವಿಲ್ಲದವರು ಆಕ್ಷೇಪದ ಸಾಲನ್ನೇ ಎತ್ತಿ ‘ಅಕ್ವಿನಾಸ್ ಹೀಗೆನ್ನುತ್ತಾನೆ’ ಎಂದು ಬರೆದುಬಿಡುತ್ತಾರೆ. ಆದ್ದರಿಂದ ಮೊದಲು ನಡುವಿನ ಉತ್ತರ ಓದಿ, ಆಮೇಲೆ ಒಂದನೇ ಆಕ್ಷೇಪವನ್ನು ಒಂದನೇ ಸಮಾಧಾನದ ಜೊತೆ, ಎರಡನೆಯದನ್ನು ಎರಡನೆಯದರ ಜೊತೆ ಓದುವುದು ವಾಸಿ.

ಉತ್ತರದಲ್ಲಿರುವುದು ಪ್ರಸಿದ್ಧವಾದ ಐದು ದಾರಿಗಳು, ಅಂದರೆ ದೇವರಿದ್ದಾನೆಂದು ತೋರಿಸುವ ಐದು ವಾದಗಳು. ಬೆಳಗಿನ ಬಹುಪಾಲು ಮೊದಲನೆಯದಕ್ಕೇ ಹೋಗುತ್ತದೆ, ಹೋಗಲಿ. ಅದು ಚಲನೆಯಿಂದ ಹೊರಡುವ ವಾದ. ಇಲ್ಲಿ ಚಲನೆ ಎಂದರೆ ಎಲ್ಲ ಬಗೆಯ ಬದಲಾವಣೆ. ಸೌದೆಗೆ ಬಿಸಿಯಾಗುವ ಶಕ್ಯತೆಯಿದೆ. ಅದನ್ನು ಬಿಸಿ ಮಾಡುವುದು ಈಗಾಗಲೇ ಬಿಸಿಯಾಗಿರುವ ಬೆಂಕಿ. ಕೋಲು ಇನ್ನೊಂದನ್ನು ತಳ್ಳಬೇಕಾದರೆ ಆ ಕೋಲನ್ನು ಕೈ ತಳ್ಳುತ್ತಿರಬೇಕು. ಈ ಎರಡೂ ಉದಾಹರಣೆ ಅವನವೇ.

ಹೆಚ್ಚಿನವರು ಎಡವುವುದೂ ಇಲ್ಲೇ. ‘ಪ್ರತಿಯೊಂದಕ್ಕೂ ಕಾರಣವಿದೆ, ಹಾಗಾದರೆ ದೇವರಿಗೆ?’ ಎಂಬ ಪ್ರಶ್ನೆ ಚುರುಕಾಗಿಯೇ ಇದೆ. ಆದರೆ ಪ್ರತಿಯೊಂದಕ್ಕೂ ಕಾರಣವಿದೆ ಎಂದು ಅಕ್ವಿನಾಸ್ ಹೇಳಿಯೇ ಇಲ್ಲ. ಚಲಿಸಲ್ಪಡುವುದು ಮತ್ತೊಂದರಿಂದ ಚಲಿಸಲ್ಪಡುತ್ತದೆ ಎನ್ನುತ್ತಾನೆ, ಅಷ್ಟೇ. ಕಾಲದಲ್ಲಿ ಹಿಂದೆ ಹಿಂದೆ ಹೋಗಿ ಜಗತ್ತಿನ ಮೊದಲ ಕ್ಷಣವನ್ನು ಹಿಡಿಯುವ ವಾದವೂ ಇದಲ್ಲ. ಅನುಮಾನವಿದ್ದರೆ ಅದೇ ಭಾಗದ 46ನೇ ಪ್ರಶ್ನೆಯ 2ನೇ ಆರ್ಟಿಕಲ್ ನೋಡಿ: ಜಗತ್ತಿಗೆ ಆದಿಯುಂಟು ಎಂಬುದನ್ನು ತರ್ಕದಿಂದ ಸಾಧಿಸಲಾಗದು, ನಂಬಿಕೆಯಿಂದಷ್ಟೇ ಒಪ್ಪಬೇಕು ಎನ್ನುತ್ತಾನೆ. ಅಪ್ಪ, ಅಜ್ಜ, ಮುತ್ತಜ್ಜ ಎಂಬ ಸಾಲು ಕೊನೆಯಿಲ್ಲದೆ ಹಿಂದಕ್ಕೆ ಹೋದರೂ ಅವನ ತಕರಾರಿಲ್ಲ. ಅಜ್ಜ ತೀರಿಕೊಂಡ ಮೇಲೂ ಅಪ್ಪನಿಗೆ ಮಕ್ಕಳಾಗಬಹುದಲ್ಲ! ಕೈ ನಿಂತರೆ ಮಾತ್ರ ಕೋಲು ತಳ್ಳಲಾರದು. ಅನಂತವಾಗಲಾರದು ಎಂದು ಅವನು ಹೇಳುವುದು ಈ ಎರಡನೆಯ ಬಗೆಯ ಸಾಲನ್ನು. ಆದ್ದರಿಂದ ಬೇರೆ ಯಾವುದರಿಂದಲೂ ಚಲಿಸಲ್ಪಡದ ಒಂದು ಮೊದಲ ಚಾಲಕ ಇರಲೇಬೇಕು ಎಂಬುದು ಅವನ ತೀರ್ಮಾನ.

ಕೆಡುಕಿನ ಆಕ್ಷೇಪಕ್ಕೆ ಇಲ್ಲಿ ಸಿಗುವ ಸಮಾಧಾನ ತೀರಾ ಚಿಕ್ಕದು: ಕೆಡುಕಿನಿಂದಲೂ ಒಳಿತನ್ನು ಹೊರಡಿಸಬಲ್ಲನಾದ್ದರಿಂದ ದೇವರು ಅದನ್ನು ತಡೆಯುವುದಿಲ್ಲ ಎಂಬ, ಅವನಿಗಿಂತ ಹಿಂದಿನ ಕ್ರೈಸ್ತ ಚಿಂತಕ ಅಗಸ್ಟೀನನ ಮಾತು. ನೊಂದವರಿಗೆ ಇದು ಸಾಲದು. ವಿಸ್ತಾರವಾದ ಚರ್ಚೆ 48 ಮತ್ತು 49ನೇ ಪ್ರಶ್ನೆಗಳಲ್ಲಿದೆ.

ಇನ್ನು ಮೊದಲ ದಾರಿಯ ಕೊನೆಯ ಸಾಲು, ‘ಇದನ್ನೇ ಎಲ್ಲರೂ ದೇವರೆಂದು ತಿಳಿಯುತ್ತಾರೆ’ ಎಂಬುದು, ಹಾರಿಕೆಯಂತೆ ಕಾಣುತ್ತದೆ. ಆ ಅಚಲ ಚಾಲಕ ಒಂದೇ ಏಕೆ, ಅದು ಒಳ್ಳೆಯದೇ ಏಕೆ? ಈ ಕೆಲಸವನ್ನು ಅವನು ಮುಂದಕ್ಕೆ ಇಟ್ಟುಕೊಂಡಿದ್ದಾನೆ: ಒಳಿತು 6ನೇ ಪ್ರಶ್ನೆಯಲ್ಲಿ, ಏಕತ್ವ 11ರಲ್ಲಿ. ಮರುದಿನ ಬೆಳಗ್ಗೆ ಅಲ್ಲಿಗೆ ಹಾರದೆ 3ನೆಯದನ್ನೇ ತೆರೆಯಿರಿ. ದೇವರಲ್ಲಿ ಬಿಡಿಭಾಗಗಳಿಲ್ಲ ಎಂದು ಅಲ್ಲಿ ತೋರಿಸಿದ್ದರ ಮೇಲೆಯೇ ಮುಂದಿನ ಎರಡೂ ನಿಂತಿವೆ.